ಬೇವಿನ ಹೂವಿಗೂ ಒಂದು ತಾರೀಖು ಬೇಕು

ಈ ವರ್ಷ ನಿಮ್ಮ ಹೊಲದ ಬದುವಿನ ಬೇವಿನ ಮರ ಯಾವ ತಾರೀಖಿಗೆ ಹೂ ಬಿಟ್ಟಿತು? ಕಳೆದ ವರ್ಷ ಯಾವಾಗ? ಅದರ ಹಿಂದಿನ ವರ್ಷ? ರೈತರ ಸಭೆಗಳಲ್ಲಿ ಈ ಪ್ರಶ್ನೆ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಯುಗಾದಿ ಹೊತ್ತಿಗೆ ಬಿಡ್ತದಲ್ಲ ಸ್ವಾಮಿ, ಅದರಲ್ಲೇನು ಹೊಸದು?" ಉತ್ತರ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ ಬಂದಿತ್ತು. 2024ರಲ್ಲಿ ಏಪ್ರಿಲ್ 9ಕ್ಕೆ ಬಂತು. 2025ರಲ್ಲಿ ಮತ್ತೆ ಹಿಂದೆ ಸರಿದು ಮಾರ್ಚ್ 30ಕ್ಕೆ ಬಂತು. ಹಬ್ಬವೇ ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಹದಿನೆಂಟು ದಿನ ಸರಿದಾಡುವಾಗ "ಯುಗಾದಿ ಹೊತ್ತಿಗೆ" ಎಂಬ ಮಾತಿನಿಂದ ಮರ ಬೇಗ ಹೂ ಬಿಟ್ಟಿತೋ ತಡವಾಗಿ ಬಿಟ್ಟಿತೋ ತಿಳಿಯುವುದು ಹೇಗೆ? ಬೇವಿನ ಮರಕ್ಕೆ ಅಧಿಕಮಾಸ ಬಂದ ಸುದ್ದಿಯನ್ನು ಯಾರೂ ತಿಳಿಸುವುದಿಲ್ಲ.

ಮಳೆ ನಕ್ಷತ್ರಗಳ ಲೆಕ್ಕ ಇದಕ್ಕಿಂತ ಗಟ್ಟಿ. ಅದು ಚಂದ್ರನ ಲೆಕ್ಕವಲ್ಲ, ಸೂರ್ಯನ ಲೆಕ್ಕ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಅಶ್ವಿನಿ ಏಪ್ರಿಲ್ 13-14ಕ್ಕೆ, ಭರಣಿ ಏಪ್ರಿಲ್ 27ರ ಸುಮಾರಿಗೆ, ರೋಹಿಣಿ ಮೇ 25ಕ್ಕೆ, ಮೃಗಶಿರ ಜೂನ್ 8ರ ಆಸುಪಾಸಿಗೆ, ಹೀಗೆ ಪ್ರತಿ ವರ್ಷವೂ ಹೆಚ್ಚು ಕಡಿಮೆ ಅದೇ ದಿನ ಆರಂಭವಾಗುತ್ತವೆ. ಬಿತ್ತನೆಯ ಗಾದೆಗಳೆಲ್ಲ ಈ ಲೆಕ್ಕದ ಮೇಲೆ ನಿಂತಿವೆ. ಆದರೆ ನಕ್ಷತ್ರ ಆರಂಭವಾಗುವ ದಿನ ಗೊತ್ತಿದೆ ಎಂದ ಮಾತ್ರಕ್ಕೆ ಮಳೆ ಬರುವ ದಿನ ಗೊತ್ತಿದೆ ಎಂದಾಗಲಿಲ್ಲ. ಪಂಚಾಂಗ ಗೂಟ ನೆಡುತ್ತದೆ, ಅಷ್ಟೇ; ಹಗ್ಗದ ತುದಿಯ ದನ ಎಲ್ಲಿ ಮೇಯುತ್ತಿದೆ ಎಂಬುದನ್ನು ನಾವೇ ನೋಡಬೇಕು. ಇನ್ನೊಂದು ಸಂಗತಿ ಅನೇಕರಿಗೆ ತಿಳಿದಿಲ್ಲ. ಗೂಟವೂ ನಿಂತ ಕಡೆ ನಿಲ್ಲುವುದಿಲ್ಲ. ಭೂಮಿಯ ಅಕ್ಷ ನಿಧಾನವಾಗಿ ಓಲಾಡುವುದರಿಂದ ನಕ್ಷತ್ರಗಳ ಆರಂಭ ಋತುಗಳಿಗೆ ಹೋಲಿಸಿದರೆ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಮುಂದಕ್ಕೆ ಹೋಗುತ್ತದೆ. ಸಾವಿರ ವರ್ಷಕ್ಕೆ ಹದಿನಾಲ್ಕು ದಿನ, ಅಂದರೆ ಇಡೀ ಒಂದು ನಕ್ಷತ್ರ. ಗಾದೆ ಹಳೆಯದಾದಷ್ಟೂ ಅದನ್ನು ಕಣ್ಣು ಬಿಟ್ಟು ನೋಡಿಕೊಂಡು ಬಳಸಬೇಕು. ಗಾದೆ ಮಾಡಿದ ಹಿರಿಯರೂ ಕಣ್ಣು ಬಿಟ್ಟು ನೋಡಿಯೇ ಮಾಡಿದ್ದರಲ್ಲವೆ?

ಹೇಳಬೇಕಾದ ಮಾತು ಇಷ್ಟು. ಗಿಡ, ಮರ, ಹಕ್ಕಿ, ಹುಳು ಇವು ವರ್ಷದಲ್ಲಿ ಯಾವಾಗ ಏನು ಮಾಡುತ್ತವೆ ಎಂಬುದನ್ನು ರೈತರು ತಾರೀಖು ಹಾಕಿ ಬರೆದಿಡಬೇಕು. ನೋಡುವ ಕಣ್ಣು ನಮ್ಮ ರೈತರಿಗೆ ಬೇಕಾದಷ್ಟಿದೆ. ಬರೆಯುವ ಅಭ್ಯಾಸವೊಂದು ಇಲ್ಲ. ನೆನಪನ್ನು ನೆಚ್ಚಿಕೊಂಡರೆ ಹತ್ತು ವರ್ಷದ ಹಿಂದಿನ ಹೂವು ನಾವು ಇವತ್ತು ಬಯಸಿದ ದಿನಕ್ಕೇ ಅರಳುತ್ತದೆ.

ಇದರಿಂದ ಬೇಸಾಯಕ್ಕೇನು ಲಾಭ ಎಂದು ನೀವು ಕೇಳುವುದು ನ್ಯಾಯ. ಶೇಂಗಾ ಮತ್ತು ಕಬ್ಬು ಬೆಳೆಯುವವರು ಗೊಣ್ಣೆ ಹುಳುವಿನ ವಿಚಾರವನ್ನೇ ತೆಗೆದುಕೊಳ್ಳಿ. ಬೆಳೆ ಒಣಗಿದ ಮೇಲೆ ಗಿಡ ಕಿತ್ತು ನೋಡಿ, ಬೇರು ತಿಂದ ಬಿಳಿ ಹುಳುವನ್ನು ಕೈಯಲ್ಲಿ ಹಿಡಿದುಕೊಂಡು ಕೇಂದ್ರಕ್ಕೆ ಬರುವ ರೈತರು ಪ್ರತಿ ವರ್ಷವೂ ಇದ್ದಾರೆ. ಆಗ ಮಾಡುವುದು ಸ್ವಲ್ಪ, ಖರ್ಚು ಹೆಚ್ಚು. ಆ ಹುಳುವಿನ ತಾಯಿ ದುಂಬಿ ಮಣ್ಣಿನಿಂದ ಹೊರಬಂದದ್ದು ಮುಂಗಾರಿಗೂ ಮುಂಚಿನ ಹದವಾದ ಮಳೆ ಬಿದ್ದಾಗ, ಏಪ್ರಿಲ್ ಮೇ ತಿಂಗಳ ಒಂದು ಸಂಜೆ. ಕತ್ತಲಾಗುತ್ತಲೇ, ಏಳು ಗಂಟೆಯ ಸುಮಾರಿಗೆ, ಕಂದು ದುಂಬಿಗಳು ನೆಲ ಬಿಟ್ಟು ಎದ್ದು ಬೇವು, ಜಾಲಿ, ಅತ್ತಿ ಮರಗಳಿಗೆ ಹೋಗಿ ಕೂರುತ್ತವೆ. ಅಲ್ಲಿಯೇ ಜೊತೆಗೂಡಿ, ಎಲೆ ತಿಂದು, ಬೆಳಗಾಗುವ ಮೊದಲು ಮತ್ತೆ ಮಣ್ಣಿಗೆ ಇಳಿಯುತ್ತವೆ. ಆ ಕೆಲವು ರಾತ್ರಿಗಳಲ್ಲಿ ಊರಿನವರು ಸೇರಿ ಕೊಂಬೆ ಅಲ್ಲಾಡಿಸಿ, ಬಿದ್ದ ದುಂಬಿಗಳನ್ನು ಆಯ್ದು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದರೆ ಮುಂದೆ ಒಂದೊಂದು ಹೆಣ್ಣೂ ಇಡಬಹುದಾದ ಹತ್ತಾರು ಮೊಟ್ಟೆಗಳು ಮಣ್ಣಿಗೆ ಬೀಳುವುದೇ ಇಲ್ಲ. ವರ್ಷಕ್ಕೆ ಇದರದು ಒಂದೇ ಪೀಳಿಗೆ. ಆ ವಾರ ತಪ್ಪಿದರೆ ಮುಂದಿನ ವರ್ಷದವರೆಗೆ ಆ ಅವಕಾಶವಿಲ್ಲ.

ಹಾಗಾದರೆ ಆ ವಾರ ಯಾವುದು? ಪುಸ್ತಕದಲ್ಲಿ "ಏಪ್ರಿಲ್-ಮೇ" ಎಂದು ಅಚ್ಚಾಗಿರುತ್ತದೆ. ಎರಡು ತಿಂಗಳು ರಾತ್ರಿಯೆಲ್ಲ ಯಾರು ಕಾದು ಕೂರುತ್ತಾರೆ? ನಿಮ್ಮ ಊರಿನ ಐದಾರು ವರ್ಷದ ಬರವಣಿಗೆ ಇದ್ದರೆ ಮಾತು ಬೇರೆ. ಎಷ್ಟು ಮಳೆ ಬಿದ್ದ ಮೇಲೆ, ಎಷ್ಟನೆಯ ಸಂಜೆ, ಮೊದಲು ಯಾವ ಮರಕ್ಕೆ ದುಂಬಿ ಬಂತು ಎಂಬುದು ನಿಮ್ಮ ಕೈಯಲ್ಲೇ ಇರುತ್ತದೆ. ಕೆಂಪು ಮಣ್ಣಿಗೂ ಕಪ್ಪು ಮಣ್ಣಿಗೂ, ಕೆರೆ ಹಿಂದಿನ ಹೊಲಕ್ಕೂ ದಿಣ್ಣೆಯ ಹೊಲಕ್ಕೂ ಇರುವ ವ್ಯತ್ಯಾಸವನ್ನು ವಿಶ್ವವಿದ್ಯಾನಿಲಯದ ಯಾವ ಪುಸ್ತಕವೂ ನಿಮ್ಮ ಊರಿನ ಮಟ್ಟಿಗೆ ಹೇಳಲಾರದು.

ಶೇಂಗಾದ ಕೆಂಪು ಕಂಬಳಿ ಹುಳುವಿನ ಕಥೆಯೂ ಇದೇ ಬಗೆಯದು. ಅದರ ಕೋಶಗಳು ಬದುವಿನ ಮಣ್ಣಿನಲ್ಲಿ, ಮರದ ನೆರಳಿನಲ್ಲಿ ತಿಂಗಳುಗಟ್ಟಲೆ ಮಲಗಿರುತ್ತವೆ. ಮುಂಗಾರಿನ ದೊಡ್ಡ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಪತಂಗಗಳು ಒಟ್ಟಿಗೆ ಎದ್ದು ಬರುತ್ತವೆ, ಎಲೆಯಡಿ ನೂರಾರು ಮೊಟ್ಟೆಗಳ ಗುಂಪು ಇಡುತ್ತವೆ. ಪತಂಗ ಕಂಡ ರಾತ್ರಿಯೇ ಹೊಲಗಳಲ್ಲಿ ದೀಪದ ಬಲೆ ಇಟ್ಟು ಅಥವಾ ಬೆಂಕಿ ಹಾಕಿ, ಮರುದಿನದಿಂದ ಮೊಟ್ಟೆಯ ಗುಂಪುಗಳನ್ನೂ ಇನ್ನೂ ಚದುರದ ಮರಿಗಳನ್ನೂ ಆಯ್ದರೆ ಕೆಲಸ ಸುಲಭ. ಮೈತುಂಬ ಕೂದಲು ಬೆಳೆದ ಮೇಲೆ ಔಷಧಿಗೂ ಜಗ್ಗುವುದು ಕಷ್ಟ. ಒಬ್ಬರ ಹೊಲದಲ್ಲಿ ದೀಪ ಇಟ್ಟರೆ ಸಾಲದು, ಊರೇ ಇಡಬೇಕು. ಊರೇ ಇಡಬೇಕಾದರೆ ಮೊದಲ ಪತಂಗ ಕಂಡವರು ಅದೇ ರಾತ್ರಿ ಸುದ್ದಿ ಮುಟ್ಟಿಸಬೇಕು. ಈಗ ಕೈಯಲ್ಲಿ ಮೊಬೈಲು ಇದೆ, ಸುದ್ದಿ ಮುಟ್ಟಿಸುವುದು ಕಷ್ಟವಲ್ಲ. ಯಾವ ಸುದ್ದಿಗೆ ಬೆಲೆಯಿದೆ ಎಂಬುದು ಗೊತ್ತಿರಬೇಕು.

ಮಾವಿನ ತೋಟದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಜಿಗಿಹುಳು, ಬೂದಿ ರೋಗ ಎರಡೂ ಹೂಗೊಂಚಲನ್ನು ಹಿಂಬಾಲಿಸುತ್ತವೆ. ಮೊಗ್ಗು ಕಣ್ಣು ಬಿಟ್ಟ ದಿನ ಬರೆದಿಟ್ಟವರು ಸಿಂಪರಣೆಯನ್ನು ನೆರೆಯವರ ಪಂಪಿನ ಸದ್ದು ಕೇಳಿ ನಿರ್ಧರಿಸುವುದಿಲ್ಲ.

ಬರೆದಿಡುವ ಪದ್ಧತಿ ನಮ್ಮ ನಾಡಿಗೆ ಹೊಸದೇನಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಳೆಯ ಪುಸ್ತಕವನ್ನು ತಲೆಮಾರುಗಳಿಂದ ಇಟ್ಟುಕೊಂಡು ಬಂದವರಿದ್ದಾರೆ. ಫೆಬ್ರವರಿ ಮಾರ್ಚಿಯಲ್ಲಿ ಹೂಮಳೆ ಬಿತ್ತೆಂದರೆ ಎಂಟು ಹತ್ತು ದಿನಕ್ಕೆ ಗಿಡ ಬೆಳ್ಳಗಾಗುತ್ತದೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಮಳೆ ಎಷ್ಟು ಬಿತ್ತು, ಹೂ ಯಾವತ್ತು ಅರಳಿತು ಎಂಬ ಎರಡೂ ಸಾಲು ಒಂದೇ ಪುಟದಲ್ಲಿ ಇರುವುದರಿಂದಲೇ ಅವರ ಮಾತಿಗೆ ತೂಕ. ಬಯಲುಸೀಮೆಯ ಒಣ ಬೇಸಾಯದವರು ಮಾತ್ರ ಇಂಥ ಪುಸ್ತಕಕ್ಕೆ ಅರ್ಹರಲ್ಲವೆಂದು ಯಾರು ಹೇಳಿದರು?

ಪರದೇಶದ ಒಂದು ಉದಾಹರಣೆ ಕೊಡುವುದು ತಪ್ಪಾಗಲಾರದು, ಏಕೆಂದರೆ ಅದೂ ರೈತರದೇ. ಫ್ರಾನ್ಸ್ ದೇಶದ ಬೋನ್ ಎಂಬ ಊರಿನಲ್ಲಿ ದ್ರಾಕ್ಷಿ ಕೊಯ್ಲು ಯಾವ ದಿನ ಆರಂಭವಾಯಿತೆಂಬ ಲೆಕ್ಕ 1354ರಿಂದ 2018ರವರೆಗೆ ಸಿಕ್ಕಿದೆ. ಇದನ್ನು ಬರೆದಿಟ್ಟವರು ವಿಜ್ಞಾನಿಗಳಲ್ಲ. ಬಹುಭಾಗ ಸಿಕ್ಕಿರುವುದು ಕೊಯ್ಲಿನ ಆಳುಗಳಿಗೆ ಕೂಲಿ ಕೊಟ್ಟ ಲೆಕ್ಕದಿಂದ, ಊರ ಸಭೆಯ ನಡಾವಳಿಗಳಿಂದ. ಅದನ್ನೆಲ್ಲ ಕೂಡಿಸಿ 2019ರಲ್ಲಿ ಪ್ರಕಟಿಸಿದಾಗ ತಿಳಿದದ್ದು, 1988ರ ನಂತರದ ಕೊಯ್ಲು ಅದಕ್ಕೂ ಹಿಂದಿನ ಆರು ಶತಮಾನಗಳ ಸರಾಸರಿಗಿಂತ ಸುಮಾರು 13 ದಿನ ಮುಂಚೆ ಬರುತ್ತಿದೆ ಎಂದು. ಭೂಮಿ ಬಿಸಿಯಾಗುತ್ತಿದೆ ಎಂಬುದಕ್ಕೆ ಕೂಲಿ ಲೆಕ್ಕದ ಪುಸ್ತಕ ಸಾಕ್ಷಿಯಾಯಿತು. ಜಪಾನಿನ ಕ್ಯೋಟೊ ನಗರದಲ್ಲಿ ಚೆರ್ರಿ ಹೂವಿನ ದಾಖಲೆ ಇನ್ನೂ ಹಳೆಯದು, 9ನೆಯ ಶತಮಾನದಿಂದ ಇದೆ. ಅಲ್ಲಿ 2021ರಲ್ಲಿ ಮಾರ್ಚ್ 26ಕ್ಕೇ ಹೂ ತುಂಬಿ ಅರಳಿ ಸಾವಿರದಿನ್ನೂರು ವರ್ಷಗಳಲ್ಲೇ ಅತಿ ಬೇಗ ಎನಿಸಿಕೊಂಡಿತು.

ಇದನ್ನು ಓದಿದಾಗ ನಿಮ್ಮ ಅಟ್ಟದ ಮೇಲಿನ ಹಳೆಯ ಪುಸ್ತಕಗಳ ನೆನಪಾಗಬೇಕು. ಹುಣಸೆ ಬಡಿಸಿದ ಕೂಲಿ, ಮಾವಿನ ಮೊದಲ ಗಾಡಿ ಮಂಡಿಗೆ ಹೋದ ಚೀಟಿ, ಹೊಂಗೆ ಬೀಜ ಮಾರಿದ ರಸೀದಿ, ಹಲಸಿನ ಮರ ಗುತ್ತಿಗೆಗೆ ಕೊಟ್ಟ ಕರಾರು, ಇವುಗಳಲ್ಲೆಲ್ಲ ತಾರೀಖು ಇದ್ದೇ ಇರುತ್ತದೆ. ನಿಮ್ಮ ತಂದೆ, ತಾತ ಲೆಕ್ಕ ಬರೆದಿಟ್ಟವರಾಗಿದ್ದರೆ ನಿಮ್ಮ ದಾಖಲೆ ಐವತ್ತು ವರ್ಷದ ಹಿಂದೆಯೇ ಆರಂಭವಾಗಿದೆ ಎಂದು ತಿಳಿಯಿರಿ. ಗೆದ್ದಲು ತಿನ್ನುವ ಮೊದಲು, ಮನೆ ಸುಣ್ಣ ಹೊಡೆಸುವಾಗ ಯಾರಾದರೂ ಒಲೆಗೆ ಹಾಕುವ ಮೊದಲು ಅದನ್ನು ಕೆಳಗಿಳಿಸಿ.

ಇನ್ನು ಬರೆಯುವ ಬಗೆ. ಇಲ್ಲಿ ಸ್ವಲ್ಪ ಕಟ್ಟುನಿಟ್ಟು ಬೇಕು, ಇಲ್ಲದಿದ್ದರೆ ಶ್ರಮ ವ್ಯರ್ಥ.

ಮರವನ್ನು ಒಮ್ಮೆ ಆರಿಸಿದ ಮೇಲೆ ಬದಲಾಯಿಸಬಾರದು. "ಊರಿನಲ್ಲಿ ಬೇವು ಹೂ ಬಿಟ್ಟಿದೆ" ಎಂದರೆ ಪ್ರಯೋಜನವಿಲ್ಲ. ನೂರು ಮರದಲ್ಲಿ ಒಂದು ಯಾವಾಗಲೂ ಮುಂದೆ ಓಡುತ್ತದೆ, ಒಂದು ಹಿಂದೆ ಬೀಳುತ್ತದೆ. ದಿನವೂ ನೀವು ಹಾದುಹೋಗುವ ದಾರಿಯ ಒಂದು ಬೇವು, ಒಂದು ಹೊಂಗೆ, ಒಂದು ಹುಣಸೆ ಅಥವಾ ಮುತ್ತುಗ ಸಾಕು. ಪಂಪುಸೆಟ್ಟಿನ ಕಾಲುವೆ ಪಕ್ಕದ ಮರ ಬೇಡ, ನೀರುಂಡ ಮರ ಋತುವಿನ ಮಾತು ಕೇಳುವುದಿಲ್ಲ. ಹಸಿರೆಲೆ ಗೊಬ್ಬರಕ್ಕೆಂದು ಪ್ರತಿ ವರ್ಷ ಸವರುವ ಹೊಂಗೆಯೂ ಬೇಡ. ಬೇಗ ಹೂ ಬರಲೆಂದು ಕಲ್ಟಾರ್ ಹಾಕಿಸಿದ ಮಾವಂತೂ ಬೇಡವೇ ಬೇಡ. ಅದು ತೋಟದ ಯಜಮಾನರ ಆತುರವನ್ನು ತೋರಿಸುತ್ತದೆಯೇ ಹೊರತು ಹವೆಯನ್ನಲ್ಲ.

ವಾರಕ್ಕೊಮ್ಮೆ, ಸಂತೆಯ ದಿನವೆಂದೇ ಇಟ್ಟುಕೊಳ್ಳಿ, ಮರದ ಕೆಳಗೆ ಎರಡು ನಿಮಿಷ ನಿಂತು ನೋಡಿ. ಚಿಗುರು, ಬಲಿತ ಎಲೆ, ಉದುರುವ ಎಲೆ, ಮೊಗ್ಗು, ಅರಳಿದ ಹೂ, ಕಾಯಿ, ಹಣ್ಣು, ಒಂದೊಂದಕ್ಕೂ "ಇಲ್ಲ", "ಸ್ವಲ್ಪ", "ಬಹಳ" ಎಂದು ಮೂರರಲ್ಲೊಂದು ಮಾತು ಬರೆಯಿರಿ. ಮರದ ಮೂರನೆಯ ಒಂದು ಪಾಲಿಗಿಂತ ಕಡಿಮೆ ಇದ್ದರೆ ಸ್ವಲ್ಪ, ಹೆಚ್ಚಿದ್ದರೆ ಬಹಳ. ಇದು ನಾವು ಕಟ್ಟಿದ್ದಲ್ಲ. ಬೆಂಗಳೂರಿನ ವಿಜ್ಞಾನಿಗಳು 2010ರ ಆಸುಪಾಸಿನಲ್ಲಿ ಆರಂಭಿಸಿದ ಸೀಸನ್‌ವಾಚ್ ಎಂಬ ಕಾರ್ಯಕ್ರಮದ ಪದ್ಧತಿ. ದೇಶದ ಹಲವು ಕಡೆಯ ಶಾಲಾ ಮಕ್ಕಳು, ಅಧ್ಯಾಪಕರು, ಆಸಕ್ತರು ಇದೇ ರೀತಿ ಮರ ನೋಡಿ ವರದಿ ಕಳುಹಿಸುತ್ತಾರೆ. ಎಲ್ಲರೂ ಒಂದೇ ಅಳತೆಯಲ್ಲಿ ಬರೆದರೆ ಒಂದಕ್ಕೊಂದು ಹೋಲಿಸಬಹುದು. ಸೇರಿನಲ್ಲಿ ಅಳೆದದ್ದನ್ನೂ ಕಿಲೋದಲ್ಲಿ ತೂಗಿದ್ದನ್ನೂ ಒಂದೇ ಪಟ್ಟಿಯಲ್ಲಿ ಕೂಡಿಸಲಾಗುವುದಿಲ್ಲವಲ್ಲ.

ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಮಾತೆಂದರೆ "ಇಲ್ಲ" ಎಂಬುದು. ಫೆಬ್ರವರಿ 10ಕ್ಕೆ ನೋಡಿದೆ, ಹೂ ಇರಲಿಲ್ಲ. 17ಕ್ಕೆ ನೋಡಿದೆ, ಸ್ವಲ್ಪ ಇತ್ತು. ಹೀಗಿದ್ದರೆ ಹೂ ಬಂದದ್ದು ಆ ವಾರದಲ್ಲೇ ಎಂದು ಗಟ್ಟಿಯಾಗಿ ಹೇಳಬಹುದು. ಬರೀ "17ಕ್ಕೆ ಹೂ ಕಂಡೆ" ಎಂದಿದ್ದರೆ ಅದು ಬಂದು ಎಷ್ಟು ದಿನವಾಗಿತ್ತೋ ದೇವರೇ ಬಲ್ಲ.

ಪಕ್ಕದಲ್ಲೇ ಮಳೆಯನ್ನೂ ಬರೆಯಿರಿ. ಈಗ ಗ್ರಾಮ ಪಂಚಾಯಿತಿಗಳಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ, ಅದರ ಅಂಕಿ ಸಿಗುತ್ತದೆ. ಆದರೂ ಪಂಚಾಯಿತಿ ಕಚೇರಿಯ ಮೇಲೆ ಬಿದ್ದ ಮಳೆ ನಿಮ್ಮ ಹೊಲಕ್ಕೆ ಬಿತ್ತೆಂದು ಹೇಳಲಾಗದು. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರುವ, ತಳ ಚಪ್ಪಟೆಯಾದ ಡಬ್ಬವನ್ನು ಬಯಲಿನಲ್ಲಿ ಗೂಟದ ಮೇಲೆ ಕಟ್ಟಿ, ಬೆಳಿಗ್ಗೆ ನಿಂತ ನೀರನ್ನು ಸ್ಕೇಲಿನಿಂದ ಮಿಲಿಮೀಟರಿನಲ್ಲಿ ಅಳೆದರೆ ಸುಮಾರಾಗಿ ಸರಿಯಾದ ಲೆಕ್ಕವೇ ಸಿಗುತ್ತದೆ. ಅಳೆದ ಮೇಲೆ ನೀರು ಚೆಲ್ಲುವುದನ್ನು ಮರೆಯಬೇಡಿ.

ಹಕ್ಕಿಗಳ ಬಗ್ಗೆ ಎಚ್ಚರಿಕೆ ಹೆಚ್ಚು ಬೇಕು. ಚಾತಕ ಪಕ್ಷಿ ಬಂದರೆ ಮಳೆ ಬಂತು ಎನ್ನುವ ಮಾತು ಉತ್ತರ ಭಾರತಕ್ಕೆ ಒಪ್ಪುತ್ತದೆ. ಅಲ್ಲಿ ಅದು ಮುಂಗಾರಿನ ಜೊತೆಗೆ ಬರುವ ವಲಸೆಗಾರ. ದಕ್ಷಿಣದಲ್ಲಿ ವರ್ಷವಿಡೀ ಇರುವ ಚಾತಕಗಳೂ ಇವೆ, ಕಂಡ ತಕ್ಷಣ ಕೂರಿಗೆ ಹೊರತೆಗೆಯಬೇಕಿಲ್ಲ. ಬಾಲ ಕುಣಿಸುವ ಸಿಪಿಲೆಗಳಲ್ಲಿ ಬೂದು ಬೆನ್ನು, ಹಳದಿ ಹೊಟ್ಟೆಯದು ಚಳಿಗಾಲದ ಅತಿಥಿ, ಮಳೆಗಾಲ ಮುಗಿಯುತ್ತ ಬರುವಾಗ ಬರುತ್ತದೆ. ಬಿಳಿ ಹುಬ್ಬಿನ ಕಪ್ಪು-ಬಿಳಿ ಸಿಪಿಲೆಯಾದರೋ ನಮ್ಮ ಕೆರೆಯದೇ, ಎಲ್ಲಿಗೂ ಹೋಗುವುದಿಲ್ಲ. ಇವೆರಡನ್ನು ಬೆರೆಸಿದರೆ ದಾಖಲೆ ಕೆಟ್ಟಿತು. ವಿಜಯಪುರ, ಬಾಗಲಕೋಟೆ ಕಡೆಯ ಜೋಳದವರು ಗುಲಾಬಿ ಕಬ್ಬಕ್ಕಿಯ ದಂಡನ್ನು ಬಲ್ಲರು. ಮಧ್ಯ ಏಷ್ಯಾದಿಂದ ಬರುವ ಇವು ಮಿಡತೆಯನ್ನೂ ತಿನ್ನುತ್ತವೆ, ತೆನೆಯನ್ನೂ ತಿನ್ನುತ್ತವೆ. ದಂಡು ಬಂದ ತಾರೀಖೂ ತೆನೆ ಹಾಲುಗಟ್ಟಿದ ತಾರೀಖೂ ಹತ್ತು ವರ್ಷ ಒಟ್ಟಿಗೆ ಇದ್ದರೆ ಹಕ್ಕಿ ಕಾಯುವ ಆಳನ್ನು ಯಾವಾಗ ಇಡಬೇಕೆಂದು ತಿಳಿಯುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಬಗ್ಗೆ, ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳ ಬಗ್ಗೆ ಆ ಊರಿನವರಿಗಿಂತ ಚೆನ್ನಾಗಿ ಹೇಳಬಲ್ಲವರು ಯಾರಿದ್ದಾರೆ?

ಅವಸರದ ತೀರ್ಮಾನ ಮಾತ್ರ ಬೇಡ. ಒಂದು ವರ್ಷ ಮುತ್ತುಗ ಹದಿನೈದು ದಿನ ಮುಂಚೆ ಹೂ ಬಿಟ್ಟಿತೆಂದು ಕಾಲವೇ ಕೆಟ್ಟಿತೆಂದು ಕೂಗುವುದು ಈಗ ರೂಢಿಯಾಗಿದೆ. ಮಾವು ಒಂದು ವರ್ಷ ಹಿಡಿದು ಒಂದು ವರ್ಷ ಬಿಡುವ ಮರ. ಹಿಂದಿನ ಮಳೆ, ಚಳಿ, ಹಿಂದಿನ ವರ್ಷದ ಫಸಲು ಎಲ್ಲವೂ ಹೂವಿನ ಮೇಲೆ ಕೈ ಆಡಿಸುತ್ತವೆ. ಹತ್ತು ವರ್ಷದ ಸಾಲು ನೋಡಿದ ಮೇಲೆ ಒಂದು ಮಾತು ಆಡಬಹುದು, ಇಪ್ಪತ್ತು ವರ್ಷದ ಮೇಲೆ ಧೈರ್ಯವಾಗಿ ಆಡಬಹುದು. ಕೇರಳದ ಶಾಲಾ ಮಕ್ಕಳ ಬರವಣಿಗೆಯಿಂದ ಅಲ್ಲಿಯ ಕಣಿಕೊನ್ನೆ, ನಮ್ಮ ಕಕ್ಕೆ, ಏಪ್ರಿಲ್ ಮಧ್ಯದ ವಿಷು ಹಬ್ಬಕ್ಕೂ ಎಷ್ಟೋ ಮೊದಲೇ ಅರಳುವುದು ಕಾಣುತ್ತಿದೆ. ಆದರೆ ಅಜ್ಜಂದಿರ ಕಾಲದಲ್ಲಿ ಯಾವ ತಾರೀಖಿಗೆ ಅರಳುತ್ತಿತ್ತು ಎಂದು ಕೇಳಿದರೆ ಪಕ್ಕದಲ್ಲಿಟ್ಟು ನೋಡಲು ಬರಹವೇ ಇಲ್ಲ. ನಾವು ಈಗ ಆರಂಭಿಸದಿದ್ದರೆ ನಮ್ಮ ಮೊಮ್ಮಕ್ಕಳೂ ಇದೇ ಪೇಚಿನಲ್ಲಿ ನಿಲ್ಲುತ್ತಾರೆ.

ವಿಸ್ತರಣೆಯ ಕೆಲಸದಲ್ಲಿರುವ ನಮ್ಮವರಿಗೂ ಎರಡು ಮಾತು ಹೇಳಲೇಬೇಕು. ನಾವು ರೈತರಿಗೆ ಹೇಳುವುದು ಹೆಚ್ಚು, ಅವರಿಂದ ಕೇಳಿ ಬರೆದುಕೊಳ್ಳುವುದು ಕಡಿಮೆ. ರೈತರೊಬ್ಬರು ದುಂಬಿ ಎದ್ದ ತಾರೀಖಿನ ಪಟ್ಟಿ ತಂದರೆ ಅದನ್ನು ಕಡತಕ್ಕೆ ಸೇರಿಸುವ ಪದ್ಧತಿ ಎಷ್ಟು ಕೃಷಿ ವಿಜ್ಞಾನ ಕೇಂದ್ರಗಳಲ್ಲಿ, ಎಷ್ಟು ರೈತ ಸಂಪರ್ಕ ಕೇಂದ್ರಗಳಲ್ಲಿ ಇದೆ? ವರ್ಷದ ದಿನಚರಿಯಲ್ಲಿ ಗೊಬ್ಬರದ ಪ್ರಮಾಣಕ್ಕೆ, ದೂರವಾಣಿ ಪಟ್ಟಿಗೆ ಪುಟಗಳಿವೆ. ರೈತರು ಹೂವು, ಹುಳು, ಹಕ್ಕಿಯ ತಾರೀಖು ತುಂಬಲು ನಾಲ್ಕು ಖಾಲಿ ಪುಟ ಸೇರಿಸಿದರೆ ಖರ್ಚೇನೂ ಹೆಚ್ಚಲಾರದು. ತುಂಬಿದ ಪುಟಗಳನ್ನು ವರ್ಷದ ಕೊನೆಗೆ ಹೋಬಳಿವಾರು ಕೂಡಿಸಿ, ಬರೆದವರಿಗೇ ಹಿಂತಿರುಗಿ ತೋರಿಸಬೇಕು. ತಮ್ಮ ಅಂಕಿ ಎಲ್ಲಿಗೆ ಹೋಯಿತೆಂದು ತಿಳಿಯದಿದ್ದರೆ ಎರಡನೆಯ ವರ್ಷ ಯಾರೂ ಬರೆಯುವುದಿಲ್ಲ, ಬರೆಯಬೇಕಾಗಿಯೂ ಇಲ್ಲ.

ನೀವು ಅದಕ್ಕೆ ಕಾಯಬೇಡಿ. ಮಕ್ಕಳ ಹಳೆಯ ನೋಟ್ ಪುಸ್ತಕದಲ್ಲಿ ಉಳಿದ ಹಾಳೆಗಳೇ ಸಾಕು. ಮನೆಯಲ್ಲಿ ಶಾಲೆಗೆ ಹೋಗುವ ಮಗಳೋ ಮೊಮ್ಮಗನೋ ಇದ್ದರೆ ಬರೆಯುವ ಕೆಲಸ ಅವರಿಗೆ ವಹಿಸಿ, ನೋಡುವ ಕೆಲಸ ನಿಮ್ಮದಿರಲಿ. ಈ ವಾರ ನಿಮ್ಮ ಮರದಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಮೊದಲ ಸಾಲಾಗಿ ಬರೆಯಿರಿ. ಹಳೆಯ ಲೆಕ್ಕದ ಪುಸ್ತಕದಲ್ಲಿ ಹುಣಸೆ, ಮಾವು, ಹೊಂಗೆಯ ತಾರೀಖುಗಳು ಸಿಕ್ಕಿದವರು ಊರು, ಹೋಬಳಿ, ಮರ, ವರ್ಷ, ತಾರೀಖು ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಈ ಪತ್ರಿಕೆಯ ಸಂಪಾದಕರಿಗೆ ಕಳುಹಿಸಿ.